ಸಾಕುಪ್ರಾಣಿಗಳ ಚಿಕಿತ್ಸೆ: ವೆಚ್ಚ ಮತ್ತು ಔಷಧ

ಊರಿನ ಮನೆಗಳಲ್ಲಿ ನಾಯಿಗೆ ಅಂಗಳ, ಬೆಕ್ಕಿಗೆ ಅಟ್ಟ, ದನಕ್ಕೆ ಕೊಟ್ಟಿಗೆ ಎಂದು ಒಂದೊಂದು ನೆಲೆ ಇರುತ್ತಿತ್ತು. ಅವಕ್ಕೆ ಕಾಯಿಲೆಯಾದರೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಕೊಂಡೊಯ್ಯುವುದು, ಇಲ್ಲವೇ ಹಿರಿಯರು ಬಲ್ಲ ನಾಟಿಮದ್ದು ಹಾಕುವುದು ವಾಡಿಕೆ. ಉದ್ಯೋಗಕ್ಕಾಗಿ ಚೆನ್ನೈ ಸೇರಿ, ನುಂಗಂಬಾಕ್ಕಂನಂಥ ಬಡಾವಣೆಯ ಮಹಡಿ ಮನೆಗಳಲ್ಲಿ ಸಂಸಾರ ಹೂಡಿದ ಕನ್ನಡಿಗರಲ್ಲಿ ಅದೇ ನಾಯಿ, ಅದೇ ಬೆಕ್ಕು ಈಗ ಮನೆಯ ಮಕ್ಕಳೊಡನೆ ಮಕ್ಕಳಾಗಿ ಬೆಳೆಯುತ್ತವೆ. ಆದರೆ ಅವು ಹಾಸಿಗೆ ಹಿಡಿದಾಗ ಮನೆಯವರು ಕಂಗಾಲಾಗುತ್ತಾರೆ. ಖಾಸಗಿ ಚಿಕಿತ್ಸಾಲಯದ ಬಿಲ್ಲು ಎಷ್ಟಾದೀತೋ ಎಂಬ ಅಂಜಿಕೆಯಿಂದ ಎರಡು ದಿನ ಕಾಯುತ್ತಾರೆ. ಅಷ್ಟರಲ್ಲಿ ಮನೆಯ ಔಷಧ ಪೆಟ್ಟಿಗೆಯಿಂದ ಒಂದು ಮಾತ್ರೆ ತೆಗೆದು ನುಂಗಿಸುತ್ತಾರೆ. ಈ ಎರಡು ತಪ್ಪುಗಳೇ ಮುಂದೆ ಹಣವನ್ನೂ, ಒಮ್ಮೊಮ್ಮೆ ಪ್ರಾಣವನ್ನೂ ಕಳೆಯುತ್ತವೆ.

ವೆಚ್ಚದ ಲೆಕ್ಕ

ಪಶುವೈದ್ಯರ ಬಿಲ್ಲಿನಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ: ಸಲಹೆಯ ಶುಲ್ಕ, ರಕ್ತಪರೀಕ್ಷೆ ಹಾಗೂ ಕ್ಷಕಿರಣದಂಥ ತಪಾಸಣೆ, ಔಷಧ, ಮತ್ತು ಶಸ್ತ್ರಚಿಕಿತ್ಸೆ ಅಥವಾ ಒಳರೋಗಿಯಾಗಿ ಇರಿಸಿಕೊಳ್ಳುವ ಖರ್ಚು. ಇವುಗಳಲ್ಲಿ ಮೊದಲನೆಯದು ಚಿಕ್ಕದು. ರೋಗ ಬಲಿತಷ್ಟೂ ಉಳಿದವು ಬೆಳೆಯುತ್ತವೆ.

ಉದಾಹರಣೆಗೆ ಉಣ್ಣೆಜ್ವರವನ್ನು ತೆಗೆದುಕೊಳ್ಳಬಹುದು. ಚೆನ್ನೈಯ ಬಿಸಿ ಮತ್ತು ತೇವದ ಹವೆಯಲ್ಲಿ ವರ್ಷದುದ್ದಕ್ಕೂ ಉಣ್ಣೆಗಳ ಕಾಟವುಂಟು. ಅವು ಕಚ್ಚಿದಾಗ ಎರ್ಲಿಕಿಯಾ ಎಂಬ ರೋಗಾಣು ನಾಯಿಯ ರಕ್ತ ಸೇರಿ ಜ್ವರ, ಅನ್ನದ್ವೇಷ, ನಿತ್ರಾಣಗಳನ್ನು ಉಂಟುಮಾಡುತ್ತದೆ. ಮೊದಲ ದಿನಗಳಲ್ಲಿಯೇ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಎಂಬ, ಮನುಷ್ಯರೂ ಬಳಸುವ ಅಗ್ಗದ ಔಷಧವನ್ನು ಸುಮಾರು 28 ದಿನ ಕೊಡುವುದರಿಂದ ಹೆಚ್ಚಿನ ನಾಯಿಗಳು ಚೇತರಿಸಿಕೊಳ್ಳುತ್ತವೆ. ತಡವಾದರೆ ರಕ್ತದ ಕಿರುಬಿಲ್ಲೆಗಳು ಕುಸಿದು ಮೂಗಿನಿಂದ ರಕ್ತ ಸುರಿಯಬಹುದು. ಆಗ ರಕ್ತಪೂರಣ, ಆಸ್ಪತ್ರೆವಾಸ ಎಂದು ಖರ್ಚು ಹಲವು ಪಟ್ಟಾಗುತ್ತದೆ. ರೋಗ ಒಂದೇ, ವಿಳಂಬಕ್ಕೆ ತೆರುವ ಬೆಲೆ ಬೇರೆ.

ಆದುದರಿಂದ ವೈದ್ಯರೊಡನೆ ಹಣದ ವಿಷಯ ಮಾತನಾಡಲು ಸಂಕೋಚಪಡಬಾರದು. ಇಂದೇ ಆಗಲೇಬೇಕಾದ ಪರೀಕ್ಷೆ ಯಾವುದು, ಕಾದು ನೋಡಬಹುದಾದುದು ಯಾವುದು, ಒಟ್ಟು ಅಂದಾಜು ಎಷ್ಟು, ಇದಕ್ಕಿಂತ ಕಡಿಮೆ ಖರ್ಚಿನ ಕ್ರಮ ಉಂಟೇ ಎಂದು ಮೊದಲೇ ಕೇಳುವುದು ಉಚಿತ. ಮನೆಯ ಮಿತಿಯನ್ನು ತಿಳಿದ ವೈದ್ಯರು ಅದಕ್ಕೆ ಹೊಂದುವ ಚಿಕಿತ್ಸೆಯನ್ನು ಯೋಜಿಸಬಲ್ಲರು.

ನಗರದಲ್ಲಿ ದೊರೆಯುವ ನೆರವು

ನುಂಗಂಬಾಕ್ಕಂ ನಿವಾಸಿಗಳಿಗೆ ಈ ವಿಷಯದಲ್ಲಿ ಅದೃಷ್ಟವಿದೆ. ಚೆನ್ನೈ ಮಹಾನಗರ ಪಾಲಿಕೆ ನಡೆಸುವ ಸಾಕುಪ್ರಾಣಿ ಚಿಕಿತ್ಸಾಲಯಗಳಲ್ಲಿ ಒಂದು ಈ ಬಡಾವಣೆಯಲ್ಲೇ ಇದೆ. ತಿರು.ವಿ.ಕ. ನಗರ, ಕಣ್ಣಮ್ಮಾಪೇಟೆ, ಮೀನಂಬಾಕ್ಕಂ ಮುಂತಾದೆಡೆಗಳಲ್ಲಿ ಉಳಿದವು ಇವೆ. ಹುಚ್ಚುನಾಯಿ ರೋಗದ ಲಸಿಕೆ ಹಾಗೂ ಪರವಾನಗಿಯ ಕೆಲಸ ಅಲ್ಲಿ ಆಗುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಪಾಲಿಕೆ ಸಾಕುನಾಯಿಗಳಿಗೆ ಪರವಾನಗಿ, ಲಸಿಕೆ ಮತ್ತು ಚರ್ಮದಡಿ ಇರಿಸುವ ಮೈಕ್ರೋಚಿಪ್ಪನ್ನು ಕಡ್ಡಾಯ ಮಾಡಿ, ಪರವಾನಗಿ ಪಡೆಯದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಪರವಾನಗಿಯ ಶುಲ್ಕವಾದರೋ ಆಗ 50 ರೂಪಾಯಿ ಮಾತ್ರ.

ಗಂಭೀರವಾದ ಕಾಯಿಲೆಗೆ ವೇಪೇರಿಯ ಮದ್ರಾಸ್ ಪಶುವೈದ್ಯ ಕಾಲೇಜಿನ ಬೋಧನಾ ಆಸ್ಪತ್ರೆ ದೊಡ್ಡ ಆಸರೆ. 1903ರಲ್ಲಿ ಆರಂಭವಾದ ಈ ಕಾಲೇಜು 1989ರಿಂದ ತಮಿಳುನಾಡು ಪಶುವೈದ್ಯ ಮತ್ತು ಪ್ರಾಣಿ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ನುಂಗಂಬಾಕ್ಕಂನಿಂದ ಅಲ್ಲಿಗೆ ಕೆಲವೇ ಕಿಲೋಮೀಟರು ದೂರ. ಬೋಧನಾ ಆಸ್ಪತ್ರೆಯಾದುದರಿಂದ ವಿದ್ಯಾರ್ಥಿಗಳು ಸುತ್ತ ನಿಂತು ನೋಡುತ್ತಾರೆ, ಸರದಿಯಲ್ಲಿ ಕಾಯಬೇಕಾಗುತ್ತದೆ. ಆದರೆ ಖಾಸಗಿ ಚಿಕಿತ್ಸಾಲಯಗಳಿಗಿಂತ ಕಡಿಮೆ ಶುಲ್ಕದಲ್ಲಿ ತಜ್ಞರ ತಪಾಸಣೆ ದೊರೆಯುತ್ತದೆ. ಗಾಯಗೊಂಡ ಬೀದಿನಾಯಿಯನ್ನು ಕಂಡು ಮರುಗುವವರು 1959ರಲ್ಲಿ ಸ್ಥಾಪಿತವಾದ, ಗಿಂಡಿಯಲ್ಲಿರುವ ಬ್ಲೂ ಕ್ರಾಸ್ ಸಂಸ್ಥೆಯನ್ನು ಸಂಪರ್ಕಿಸಬಹುದು.

ಔಷಧವನ್ನು ಕೊಳ್ಳುವ ಕ್ರಮ

ಪಶುವೈದ್ಯರು ಬರೆದುಕೊಟ್ಟ ಚೀಟಿಗೆ ಸಾಮಾನ್ಯ ಔಷಧದಂಗಡಿಯವರು ಮದ್ದು ಕೊಡಬಹುದೇ ಎಂಬ ಸಂದೇಹ ಹಲವರಿಗುಂಟು. ಧಾರಾಳವಾಗಿ ಕೊಡಬಹುದು. 1945ರ ಔಷಧ ನಿಯಮಗಳು ಚೀಟಿ ಬರೆಯಬಲ್ಲ ವೈದ್ಯರಲ್ಲಿ ನೋಂದಾಯಿತ ಪಶುವೈದ್ಯರನ್ನೂ ಸೇರಿಸಿವೆ. ಆದರೆ ಆ ಚೀಟಿ ಸರಿಯಾಗಿರಬೇಕು. ಅದರಲ್ಲಿ ವೈದ್ಯರ ಸಹಿ, ತಾರೀಖು, ಔಷಧದ ಒಟ್ಟು ಪ್ರಮಾಣ, ಕೊಡಬೇಕಾದ ಅಳತೆ ಇವುಗಳೊಡನೆ ಪ್ರಾಣಿಯ ಒಡೆಯರ ಹೆಸರು ಮತ್ತು ವಿಳಾಸವೂ ಇರಬೇಕು. ಅವಸರದಲ್ಲಿ ನಾಯಿಯ ಹೆಸರನ್ನಷ್ಟೇ ಬರೆಸಿಕೊಂಡು ಬಂದವರು ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗಬೇಕಾದೀತು.

ಇನ್ನೊಂದು ಸಂಗತಿ. ವೈದ್ಯರು ಒಂದು ಕಂಪನಿಯ ಹೆಸರಿನಲ್ಲಿ ಮದ್ದು ಬರೆದಿದ್ದರೆ ಅಂಗಡಿಯವರು ತಾವಾಗಿ ಅದರ ಬದಲಿಗೆ ಬೇರೊಂದನ್ನು ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ ಮೂಲ ಔಷಧದ ಹೆಸರನ್ನೇ ಬರೆಯುವಂತೆ ವೈದ್ಯರನ್ನು ವಿನಂತಿಸಿಕೊಳ್ಳಬೇಕು. ಮನುಷ್ಯರಿಗೂ ಪ್ರಾಣಿಗಳಿಗೂ ಸಮಾನವಾಗಿ ಬಳಸುವ ಔಷಧವಾದರೆ ಜನೌಷಧಿ ಕೇಂದ್ರಗಳಲ್ಲಿ ವಿಚಾರಿಸಬಹುದು. ಬೆಲೆಯಲ್ಲಿ ಗಣನೀಯ ಉಳಿತಾಯವಾಗುತ್ತದೆ. ಪ್ರಾಣಿಗಳಿಗೆಂದೇ ತಯಾರಾದ ಮದ್ದಿನ ಹೊದಿಕೆಯ ಮೇಲೆ ಸಾಕುಪ್ರಾಣಿಯ ತಲೆಯ ಚಿತ್ರವೂ, ಅದು ಮನುಷ್ಯರ ಬಳಕೆಗಲ್ಲ ಎಂಬ ಎಚ್ಚರಿಕೆಯೂ ಇರಬೇಕೆಂದು ಕಾನೂನು ವಿಧಿಸಿದೆ. ಇಂಥ ಮದ್ದನ್ನು ಮಕ್ಕಳ ಕೈಗೆ ಎಟುಕದಂತೆ, ಮನೆಯವರ ಔಷಧದಿಂದ ಬೇರೆಯಾಗಿ ಇಡಬೇಕು. ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿರಬೇಕಾದುದರಿಂದ, ಅಂಗಡಿಯಲ್ಲಿ ಕೊಂಡು ಬಿಸಿಲಿನಲ್ಲಿ ಹೊತ್ತೊಯ್ಯುವ ಬದಲು ಚಿಕಿತ್ಸಾಲಯದಲ್ಲಿಯೇ ಹಾಕಿಸುವುದು ಕ್ಷೇಮ.

ಮನೆಯ ಮಾತ್ರೆಯ ಅಪಾಯ

ಜ್ವರಕ್ಕೆಂದು ಮನೆಮನೆಯಲ್ಲಿಯೂ ಇರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. 500 ಮಿಲಿಗ್ರಾಮಿನ ಒಂದೇ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು. ಒಸಡು ಕಂದು ಇಲ್ಲವೇ ನೀಲಿ ಬಣ್ಣಕ್ಕೆ ತಿರುಗುವುದು, ಮುಖ ಊದುವುದು, ಏದುಸಿರು ಇವು ಅದರ ಲಕ್ಷಣಗಳು. ಇದಕ್ಕೆ ಪ್ರತಿವಿಷವುಂಟು, ಆದರೆ ಕೆಲವೇ ಗಂಟೆಗಳೊಳಗೆ ಆಸ್ಪತ್ರೆ ಸೇರಿದರೆ ಮಾತ್ರ ಅದರ ಪೂರ್ಣ ಪ್ರಯೋಜನ. ಇಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ನಾಯಿಯ ಉಣ್ಣೆಗೆಂದು ಮಾರುವ ಪರ್ಮೆತ್ರಿನ್ ಬೆರೆತ ದ್ರವವನ್ನು ಬೆಕ್ಕಿಗೆ ಹಚ್ಚಿದರೆ ನಡುಕ, ಸೆಳವು ಬರುತ್ತವೆ. ಒಂದು ಪ್ರಾಣಿಗೆ ಅಮೃತವಾದುದು ಇನ್ನೊಂದಕ್ಕೆ ನಂಜು ಎಂಬುದನ್ನು ಮರೆಯಬಾರದು.

ಮೂರ್ಛೆರೋಗವಿರುವ ನಾಯಿಗೆ ಫಿನೊಬಾರ್ಬಿಟಾಲ್ ಕೊಡುತ್ತಿರುವವರು ಇನ್ನೂ ಹೆಚ್ಚು ಜಾಗರೂಕರಾಗಿರಬೇಕು. ಇದು ನಿಯಂತ್ರಿತ ಔಷಧ, ಚೀಟಿಯಿಲ್ಲದೆ ದೊರೆಯದು. ಹಠಾತ್ತಾಗಿ ನಿಲ್ಲಿಸಿದರೆ ಸೆಳವು ಒಂದರ ಮೇಲೊಂದು ಬಂದು ಪ್ರಾಣಾಪಾಯವಾದೀತು. ದಸರೆಗೋ ಬೇಸಗೆಯ ರಜೆಗೋ ಮೈಸೂರು, ಉಡುಪಿಯ ಕಡೆಗೆ ಹೊರಡುವವರು ನಾಯಿಯನ್ನು ಜೊತೆಗೆ ಒಯ್ದರೂ, ನೆರೆಯವರ ವಶಕ್ಕೆ ಒಪ್ಪಿಸಿದರೂ ಪ್ರಯಾಣದ ದಿನಗಳಿಗಿಂತ ಒಂದು ವಾರದಷ್ಟು ಹೆಚ್ಚಿನ ಔಷಧ, ಚೀಟಿ, ಲಸಿಕೆಯ ಪುಸ್ತಕ ಮೂರನ್ನೂ ಸಿದ್ಧವಾಗಿಡಬೇಕು.

ಕಾಯಬಾರದ ಲಕ್ಷಣಗಳು

ಗಂಡುಬೆಕ್ಕು ಪದೇಪದೇ ಮುಕ್ಕುತ್ತಿದ್ದರೂ ಮೂತ್ರ ಹೋಗದಿರುವುದು, ಮರಿನಾಯಿಗೆ ವಾಂತಿಯೊಡನೆ ರಕ್ತಬೇಧಿ, ಹೊಟ್ಟೆ ಉಬ್ಬಿ ಚಡಪಡಿಸುವುದು, ಉಸಿರಾಟದ ತೊಂದರೆ, ಬಿಡದ ಸೆಳವು—ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಮೂತ್ರ ಕಟ್ಟಿದ ಬೆಕ್ಕು ಒಂದೆರಡು ದಿನಗಳಲ್ಲಿ ಸಾಯಬಹುದು. ರಾತ್ರಿವೇಳೆ ತೆರೆದಿರುವ ಚಿಕಿತ್ಸಾಲಯ ಯಾವುದೆಂದು ಪ್ರಾಣಿ ಆರೋಗ್ಯವಾಗಿರುವಾಗಲೇ ವಿಚಾರಿಸಿ ಬರೆದಿಟ್ಟುಕೊಳ್ಳುವುದು ಜಾಣತನ.

ಮುಂಚಿತವಾದ ಉಳಿತಾಯ

ಎಲ್ಲಕ್ಕಿಂತ ಅಗ್ಗವಾದ ಚಿಕಿತ್ಸೆ ರೋಗ ಬಾರದಂತೆ ತಡೆಯುವುದು. ಮರಿಗೆ ಆರರಿಂದ ಎಂಟು ವಾರಗಳ ಪ್ರಾಯದಲ್ಲಿ ಪಾರ್ವೋ, ಡಿಸ್ಟೆಂಪರ್ ಲಸಿಕೆಗಳ ಸರಣಿಯನ್ನು ಆರಂಭಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಅನಂತರ ವೈದ್ಯರು ಹೇಳಿದಂತೆ ವರ್ಷವರ್ಷವೂ ಪುನರಾವರ್ತನೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಉಚಿತ ಲಸಿಕಾ ಶಿಬಿರಗಳು ನಡೆಯುವುದುಂಟು. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಹೆಣ್ಣುನಾಯಿಯ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ರೋಗವೂ ತಪ್ಪುತ್ತದೆ. ನಾಯಿಗಳಿಗೆ ವಿಮೆಯೂ ಈಗ ದೊರೆಯುತ್ತದೆ. ಆದರೆ ಮೊದಲೇ ಇದ್ದ ಕಾಯಿಲೆ, ವಯೋಮಿತಿ ಮೊದಲಾದ ಷರತ್ತುಗಳನ್ನು ಓದಿಕೊಂಡೇ ಸಹಿ ಹಾಕಬೇಕು. ವಿಮೆ ಬೇಡವೆನ್ನುವವರು ಪ್ರತಿ ತಿಂಗಳೂ ಒಂದು ಸಣ್ಣ ಮೊತ್ತವನ್ನು ಪ್ರಾಣಿಯ ಹೆಸರಿನಲ್ಲಿ ತೆಗೆದಿರಿಸುವುದು ಒಳ್ಳೆಯ ರೂಢಿ.

ಖರ್ಚಿಗೆ ಹೆದರಿ ಕಾಯಿಲೆಯ ಪ್ರಾಣಿಯನ್ನು ಬೀದಿಗೆ ಬಿಡುವವರೂ ಇದ್ದಾರೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅದು ಅಪರಾಧ. ಕಾನೂನಿಗಿಂತ ಮಿಗಿಲಾಗಿ ಅದು ವಿಶ್ವಾಸದ್ರೋಹ. ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದ ಜೀವ ಅದು. ಒಂದು ಹೊತ್ತು ಉಣ್ಣದೆ ಮೂಲೆಯಲ್ಲಿ ಮುದುಡಿ ಮಲಗುವುದೇ ಅದರ ಮಾತು. ಆ ಮಾತನ್ನು ಮೊದಲ ದಿನವೇ ತಿಳಿದುಕೊಂಡು ವೈದ್ಯರಲ್ಲಿಗೆ ಕೊಂಡೊಯ್ದರೆ ಪ್ರಾಣಿಯೂ ಉಳಿದೀತು, ಮನೆಯ ಹಣವೂ ಉಳಿದೀತು.