ದುಡಿಮೆಯೊಡನೆ ವಿದ್ಯೆ: ಅರೆಕಾಲಿಕ ವೃತ್ತಿಶಿಕ್ಷಣದ ಪ್ರವೇಶವನ್ನು ಕುರಿತು

'ವೃತ್ತಿ' ಎಂಬ ಶಬ್ದಕ್ಕೆ ಅರ್ಥಗಳು ಹಲವು. ಜೀವನೋಪಾಯವೆಂಬುದು ಒಂದು, ನಡತೆಯೆಂಬುದು ಇನ್ನೊಂದು, ಸೂತ್ರವನ್ನು ಬಿಡಿಸಿ ಹೇಳುವ ವಿವರಣೆಯೆಂಬುದು ಮತ್ತೊಂದು. ಕೇಶಿರಾಜನು ತನ್ನ ಶಬ್ದಮಣಿದರ್ಪಣದ ಸೂತ್ರಗಳಿಗೆ ತಾನೇ ವೃತ್ತಿಯನ್ನು ಬರೆದನೆಂಬುದನ್ನು ಕನ್ನಡ ವ್ಯಾಕರಣ ಓದಿದವರೆಲ್ಲರೂ ಬಲ್ಲರು. ಸೂತ್ರವು ಬಾಯಿಗೆ ಬಂದು ವೃತ್ತಿಯು ತಿಳಿಯದಿದ್ದರೆ ವ್ಯಾಕರಣ ಬಂದಂತಾಗದು. ಶಾಲೆಯ ಓದಿಗೂ ಕೈಯ ಕೆಲಸಕ್ಕೂ ಇರುವ ಸಂಬಂಧ ಬಹುಮಟ್ಟಿಗೆ ಇಂಥದೇ ಆಗಿದೆ. ಆದರೆ ಈಚೆಗೆ ಬಳಕೆಗೆ ಬಂದ 'ಅರೆಕಾಲಿಕ' ಎಂಬ ಮಾತಿಗೆ ಇಷ್ಟು ಗೌರವ ದೊರೆತಿಲ್ಲ. ಅರೆಕಾಲ ಓದುವವನು ಅರೆ ವಿದ್ಯಾರ್ಥಿಯೆಂಬ ಭಾವನೆ ಜನರಲ್ಲಿದೆ. ಅಧ್ಯಾಪಕರಲ್ಲಿಯೂ ಇಲ್ಲವೆಂದು ಹೇಳಲಾಗದು. ಹಗಲೆಲ್ಲ ಗ್ಯಾರೇಜಿನಲ್ಲಿ ದುಡಿದು ಸಂಜೆ ಆರಕ್ಕೆ ತರಗತಿಗೆ ಬರುವವನು ಪಡುವ ಶ್ರಮ ಅರೆಯೋ ಇಮ್ಮಡಿಯೋ ಎಂಬುದನ್ನು ಬಲ್ಲವರೇ ಹೇಳಬೇಕು.

ವಾರ್ಷಿಕ ಸಂಚಿಕೆಗಳಲ್ಲಿ ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾದವರ ಭಾವಚಿತ್ರಗಳು ಅಚ್ಚಾಗುತ್ತವೆ, ಅದು ಉಚಿತವೇ. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವನು, ಎಸ್.ಎಸ್.ಎಲ್.ಸಿ.ಯಲ್ಲಿ ಒಂದೆರಡು ವಿಷಯಗಳಲ್ಲಿ ಅನುತ್ತೀರ್ಣನಾಗಿ ಊರಿಗೆ ಮರಳಿದವನು, ತಂದೆಯ ಅಕಾಲಮರಣದಿಂದ ಅಂಗಡಿಗೆ ಕುಳಿತವನು, ಮದುವೆಯಾಗಿ ಓದು ನಿಂತ ಹೆಣ್ಣುಮಗಳು, ಇವರು ದಾಖಲಾತಿ ವಹಿಯಲ್ಲಿ ಒಂದು ಸಾಲಾಗಿ ಉಳಿಯುತ್ತಾರೆ. 2024ರಲ್ಲಿ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ದೊರೆತದ್ದು ಇಂಥವರಿಗೆ ಉಪಕಾರವೇ ಆಗಿತ್ತು. ಆದರೂ ಪರೀಕ್ಷೆಗೆ ಮತ್ತೆ ಕೂಡುವ ಮನಸ್ಸಿಲ್ಲದವರಿಗೆ, ಕೂಡಲು ಬಿಡುವಿಲ್ಲದವರಿಗೆ ಬೇರೆ ಬಾಗಿಲುಗಳಿವೆ. ಅವು ಇವೆಯೆಂಬುದನ್ನು ತಕ್ಕ ಕಾಲದಲ್ಲಿ ಹೇಳುವವರಿಲ್ಲದೆ ಎಷ್ಟೋ ಮಂದಿ ಹೊರಗೇ ಉಳಿಯುತ್ತಾರೆ.

ಈ ಬಗೆಯ ಶಿಕ್ಷಣ ನಮ್ಮಲ್ಲಿ ಹೊಸದೇನೂ ಅಲ್ಲ. ಹಿರಿಯ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಪೇಟೆಯ ಮಹಡಿಯ ಮೇಲಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ದಿನಕ್ಕೊಂದು ಗಂಟೆ ಹೋಗಿ, ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಕಟ್ಟಿ, ಅದರ ಬಲದಿಂದಲೇ ಕಚೇರಿ ಸೇರಿದವರು. ಅದು ಅರೆಕಾಲಿಕ ವೃತ್ತಿಶಿಕ್ಷಣವೇ ಆಗಿತ್ತು. ಯಾರೂ ಆ ಹೆಸರಿನಿಂದ ಕರೆಯಲಿಲ್ಲ, ಅಷ್ಟೆ. ಸರ್ ಎಂ. ವಿಶ್ವೇಶ್ವರಯ್ಯನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಸ್ವಂತಕ್ಕೆ ತೆಗೆದುಕೊಳ್ಳದೆ ವೃತ್ತಿಶಿಕ್ಷಣ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯೇ ಇಂದಿನ ಎಸ್.ಜೆ. ಸರಕಾರಿ ಪಾಲಿಟೆಕ್ನಿಕ್. 1950ರಲ್ಲಿ ಭಾರತ ಸರಕಾರವು ಕುಶಲಕರ್ಮಿ ತರಬೇತಿ ಯೋಜನೆಯನ್ನು ಆರಂಭಿಸಿತು. ಇಂದು ಊರೂರಿನಲ್ಲಿರುವ ಐ.ಟಿ.ಐ.ಗಳು ಅದರ ಫಲ. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂದಿತು. 1967ರಲ್ಲಿ ಮುಂಬಯಿಯ ಕಾರ್ಮಿಕರಿಗಾಗಿ ಶ್ರಮಿಕ ವಿದ್ಯಾಪೀಠವೆಂಬುದು ಹುಟ್ಟಿತು. 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟು ಹಾಗೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಕೂಡಿ ರುಡ್‌ಸೆಟ್ ಸಂಸ್ಥೆಯನ್ನು ಸ್ಥಾಪಿಸಿದವು. ನಿರುದ್ಯೋಗಿ ಯುವಕರಿಗೆ ಊಟ ವಸತಿಗಳ ಸಹಿತ ಉಚಿತವಾಗಿ ಕಸುಬು ಕಲಿಸಿ, ಸ್ವಂತ ಉದ್ಯೋಗಕ್ಕೆ ಬ್ಯಾಂಕಿನ ಸಾಲದ ದಾರಿಯನ್ನೂ ತೋರಿಸುವ ಈ ಕ್ರಮ ಎಷ್ಟು ಫಲಕಾರಿಯಾಯಿತೆಂದರೆ, 2009ರಲ್ಲಿ ಕೇಂದ್ರ ಸರಕಾರವು ಜಿಲ್ಲೆಗೊಂದರಂತೆ ಇದೇ ಮಾದರಿಯ ಸಂಸ್ಥೆಗಳನ್ನು ಸ್ಥಾಪಿಸಲು ಮುಂದಾಯಿತು. ಆರ್‌ಸೆಟಿ ಎಂಬ ಹೆಸರಿನ ಕೇಂದ್ರಗಳು ಇವೇ. ಕನ್ನಡ ನಾಡಿನ ಒಂದು ಗ್ರಾಮದಲ್ಲಿ ಹುಟ್ಟಿದ ಕ್ರಮವನ್ನು ದೇಶವೇ ಅನುಕರಿಸಿತೆಂಬುದನ್ನು ನಮ್ಮವರೇ ಮರೆತಿರುವುದು ವಿಷಾದದ ಸಂಗತಿ.

ಪ್ರಕೃತ, ಶಾಲೆ ಬಿಟ್ಟವನು ಯಾವ ಬಾಗಿಲನ್ನು ತಟ್ಟಬೇಕು? ಇದು ಅವನ ಓದು, ವಯಸ್ಸು, ಬಿಡುವು ಇವುಗಳನ್ನು ಅವಲಂಬಿಸಿದೆ. ಓದು ಬರೆಹವೇ ಬಾರದವರಿಗೂ ನಡುವೆ ಶಾಲೆ ಬಿಟ್ಟವರಿಗೂ ಜನ ಶಿಕ್ಷಣ ಸಂಸ್ಥಾನಗಳಿವೆ. ಮೇಲೆ ಹೇಳಿದ ಶ್ರಮಿಕ ವಿದ್ಯಾಪೀಠಗಳೇ 2000ದಲ್ಲಿ ಈ ಹೆಸರನ್ನು ಪಡೆದವು. 15ರಿಂದ 45 ವರ್ಷದೊಳಗಿನವರು ಹೊಲಿಗೆ, ವಿದ್ಯುತ್ ದುರಸ್ತಿ ಮೊದಲಾದ ಕಸುಬುಗಳನ್ನು ಇಲ್ಲಿ ಕಲಿಯಬಹುದು. ಮನೆಗೆಲಸ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಇದು ಹೆಚ್ಚು ಅನುಕೂಲ. ಕೆಲವು ವಾರಗಳ ಮಟ್ಟಿಗೆ ಮನೆ ಬಿಟ್ಟಿರಬಲ್ಲವರು, ಕಲಿತ ಮೇಲೆ ಸ್ವಂತ ಅಂಗಡಿ ಇಡಬೇಕೆನ್ನುವವರು ಜಿಲ್ಲೆಯ ಆರ್‌ಸೆಟಿಯನ್ನು ವಿಚಾರಿಸಬೇಕು.

ಐ.ಟಿ.ಐ. ಎಂದರೆ ಎಸ್.ಎಸ್.ಎಲ್.ಸಿ. ಪಾಸಾದವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಬಹಳ ಬಳಕೆಯಲ್ಲಿದೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಮೊದಲಾದ ವಿಭಾಗಗಳಿಗೆ ಅದು ಬೇಕು, ನಿಜ. ಆದರೆ ವೆಲ್ಡರ್, ವೈರ್‌ಮನ್, ಪ್ಲಂಬರ್, ಮರಗೆಲಸ ಇಂಥವುಗಳಿಗೆ ಎಂಟನೆಯ ತರಗತಿ ತೇರ್ಗಡೆಯಾಗಿದ್ದರೆ ಸಾಕು. ಇದೊಂದು ಮಾತನ್ನು ಒಂಬತ್ತನೆಯ ತರಗತಿಯ ಉಪಾಧ್ಯಾಯರು ತಿಳಿದು ತಕ್ಕವರಿಗೆ ಹೇಳಿದರೂ ಸಾಕು, ಎಷ್ಟೋ ಮನೆಗಳಿಗೆ ಉಪಕಾರವಾದೀತು. ಐ.ಟಿ.ಐ. ವ್ಯಾಸಂಗ ಪೂರ್ಣಕಾಲಿಕವಾದದ್ದು, ಒಂದು ಅಥವಾ ಎರಡು ವರ್ಷಗಳದು. ಅದಕ್ಕೆ ಬಿಡುವಿಲ್ಲದವರಿಗಾಗಿ ಅಲ್ಲಿಯೇ ಅಲ್ಪಾವಧಿಯ ಕೋರ್ಸುಗಳೂ ನಡೆಯುತ್ತವೆ. ಕರ್ನಾಟಕದ 150 ಸರಕಾರಿ ಐ.ಟಿ.ಐ.ಗಳನ್ನು 4,700 ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದಲ್ಲಿ ನವೀಕರಿಸಿ 2022ರ ಜೂನ್ ತಿಂಗಳಲ್ಲಿ ಲೋಕಾರ್ಪಣೆ ಮಾಡಲಾಯಿತು. ಹಿಂದೆ ದೊಡ್ಡ ಕಾರ್ಖಾನೆಗಳಲ್ಲಿ ಮಾತ್ರ ಕಾಣುತ್ತಿದ್ದ ಗಣಕಚಾಲಿತ ಯಂತ್ರಗಳು ಈಗ ತಾಲ್ಲೂಕು ಕೇಂದ್ರಗಳಿಗೂ ಬಂದಿವೆ. ಯಂತ್ರಗಳು ಬಂದಷ್ಟು ವೇಗವಾಗಿ ವಿದ್ಯಾರ್ಥಿಗಳು ಬಂದರೆ ಅಷ್ಟು ಹಣ ಸಾರ್ಥಕವಾದೀತು.

ಈಗಾಗಲೇ ಕಸುಬು ಬಲ್ಲವರ ಮಾತು ಬೇರೆ. ಹತ್ತು ವರ್ಷ ಗಾರೆಕೆಲಸ ಮಾಡಿದವನನ್ನು ಮತ್ತೆ ಬೆಂಚಿನ ಮೇಲೆ ಕೂರಿಸಿ ಗಾರೆ ಕಲಿಸುವುದು ಹಾಸ್ಯಾಸ್ಪದ. ಅಂಥವನ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯುಂಟು. ಪೂರ್ವಕಲಿಕೆಯ ಮಾನ್ಯತೆಯೆಂದು ಅದಕ್ಕೆ ಹೆಸರು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯು ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ಚಮ್ಮಾರ, ಕ್ಷೌರಿಕ, ಅಗಸ, ದರ್ಜಿ ಮೊದಲಾದ 18 ಕಸುಬುಗಳಿಗೆ ಅನ್ವಯಿಸುತ್ತದೆ. ಐದಾರು ದಿನಗಳ ಮೂಲ ತರಬೇತಿ, ಆ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ, ಅನಂತರ ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಕಂತು ಒಂದು ಲಕ್ಷದವರೆಗೆ ಸಾಲ. ಪರಂಪರೆಯ ಕಾಯಕವನ್ನು ಬಿಡದೆ ಅದನ್ನೇ ಮೇಲಕ್ಕೆತ್ತಬೇಕೆನ್ನುವ ಕುಟುಂಬಗಳಿಗೆ ಇದು ಅನುಕೂಲವಾದ ಮಾರ್ಗ.

ಇನ್ನು ಪಾಲಿಟೆಕ್ನಿಕ್. ನೌಕರಿ ಮಾಡುತ್ತ ಡಿಪ್ಲೊಮಾ ಓದುವ ಸಂಜೆಯ ತರಗತಿಗಳ ಸಂಪ್ರದಾಯ ಬೆಂಗಳೂರಿನಂಥ ನಗರಗಳಲ್ಲಿ ಹಳೆಯದು. 2023-24ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಕೆಲಸದಲ್ಲಿರುವವರಿಗಾಗಿ ಅನುಕೂಲವಾದ ವೇಳೆಯಲ್ಲಿ ಡಿಪ್ಲೊಮಾ ಮತ್ತು ಪದವಿ ತರಗತಿಗಳನ್ನು ನಡೆಸಲು ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ; ಕನಿಷ್ಠ ಒಂದು ವರ್ಷದ ಕೆಲಸದ ಅನುಭವ ಇದಕ್ಕೆ ಬೇಕು. ಎರಡು ವರ್ಷದ ಐ.ಟಿ.ಐ. ಮುಗಿಸಿದವನಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವನಿಗೆ ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ದಾರಿಯೂ ಇದೆ. ಎಂದಮೇಲೆ ಐ.ಟಿ.ಐ. ಸೇರಿದವನ ಓದು ಅಲ್ಲಿಗೇ ಮುಗಿಯಿತೆಂದು ತಂದೆತಾಯಿಗಳು ಕಣ್ಣೀರಿಡಬೇಕಾದ ಕಾರಣವಿಲ್ಲ.

ಇಷ್ಟು ಬಾಗಿಲುಗಳಿರುವಲ್ಲಿ ಕಳ್ಳಬಾಗಿಲುಗಳೂ ಇರುವುದು ಸಹಜ. ಬಸ್ ನಿಲ್ದಾಣದ ಗೋಡೆಗಳ ಮೇಲೆ 'ನೂರಕ್ಕೆ ನೂರು ಉದ್ಯೋಗ ಖಾತರಿ' ಎಂದು ಅಂಟಿಸಿದ ಕಾಗದಗಳನ್ನು ನಂಬಿ ಸಾವಿರಾರು ರೂಪಾಯಿ ಕಟ್ಟಿ ಮೋಸಹೋದವರು ಕಡಿಮೆಯಿಲ್ಲ. ಸುಂದರವಾದ ಅಕ್ಷರ, ಚಿನ್ನದ ಬಣ್ಣದ ಮೊಹರು ಇವುಗಳಿಂದ ಪ್ರಮಾಣಪತ್ರವು ಪ್ರಮಾಣವಾಗುವುದಿಲ್ಲ. ತರ್ಕಶಾಸ್ತ್ರದಲ್ಲಿ ಪ್ರಮಾಣವೆಂದರೆ ಯಥಾರ್ಥ ಜ್ಞಾನಕ್ಕೆ ಸಾಧನವಾದದ್ದು. ಇಲ್ಲಿಯೂ ಅದೇ ನಿಯಮ. 2018ರಲ್ಲಿ ಸ್ಥಾಪಿತವಾಗಿ 2020ರ ಆಗಸ್ಟಿನಿಂದ ಕಾರ್ಯಾರಂಭ ಮಾಡಿದ ರಾಷ್ಟ್ರೀಯ ವೃತ್ತಿಶಿಕ್ಷಣ ಮತ್ತು ತರಬೇತಿ ಪರಿಷತ್ತು ಈಗ ದೇಶದಲ್ಲಿ ಇಂಥ ಶಿಕ್ಷಣದ ನಿಯಂತ್ರಕ ಸಂಸ್ಥೆ. ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರೇ: ಪರೀಕ್ಷೆ ನಡೆಸುವವರು ಯಾರು? ಪ್ರಮಾಣಪತ್ರದ ಮೇಲೆ ಯಾರ ಹೆಸರಿರುತ್ತದೆ? ಹಿಂದಿನ ತಂಡದಲ್ಲಿ ಕಲಿತವರು ಈಗ ಎಲ್ಲಿದ್ದಾರೆ? ಮೂರನೆಯ ಪ್ರಶ್ನೆಗೆ ತಡವರಿಸುವ ಕಡೆಗೆ ಹೋಗದಿರುವುದು ಕ್ಷೇಮ. ಕೆಲವೇ ದಿನಗಳ ತರಬೇತಿಯ ಕಾಗದವನ್ನು ಐ.ಟಿ.ಐ.ಯ ರಾಷ್ಟ್ರೀಯ ಪ್ರಮಾಣಪತ್ರಕ್ಕೆ ಸಮವೆಂದು ಹೇಳಿ ನಂಬಿಸುವವರೂ ಉಂಟು. ಅವೆರಡೂ ಬೇರೆ ಬೇರೆ.

ಬಾಗಿಲಿನವರೆಗೆ ಬಂದವರನ್ನು ತಡೆಯುವ ಇನ್ನೊಂದು ವಿಘ್ನವಿದೆ. ಅದರ ನಿವಾರಣೆ ಬಹುಪಾಲು ಶಾಲೆಯ ಕೈಯಲ್ಲಿಯೇ ಇದೆ. ಅದು ಹೆಸರಿನ ವಿಘ್ನ. ಇಂದು ಎಲ್ಲ ಅರ್ಜಿಗಳೂ ಗಣಕಯಂತ್ರದ ಮೂಲಕ ಸಲ್ಲುತ್ತವೆ. ಅಂಕಪಟ್ಟಿಯ ಹೆಸರೂ ಆಧಾರ್ ಚೀಟಿಯ ಹೆಸರೂ ಒಂದು ಅಕ್ಷರ ಬೇರೆಯಾದರೆ ಯಂತ್ರ ಒಪ್ಪುವುದಿಲ್ಲ. ಬಸವರಾಜ ಎಂಬ ಹೆಸರಿನ ವಕಾರವನ್ನು ಇಂಗ್ಲಿಷಿನಲ್ಲಿ ಒಬ್ಬರು 'ವಿ' ಅಕ್ಷರದಿಂದ, ಇನ್ನೊಬ್ಬರು 'ಡಬ್ಲ್ಯು' ಅಕ್ಷರದಿಂದ ಬರೆಯುತ್ತಾರೆ. ಶಿವಲಿಂಗಪ್ಪನ ಶಕಾರವೂ ಮಹಾಪ್ರಾಣ ಅಲ್ಪಪ್ರಾಣಗಳೂ ಇದೇ ಪಾಡು. ಮನೆಯಲ್ಲಿ ಈರಣ್ಣ, ಶಾಲೆಯಲ್ಲಿ ವೀರಣ್ಣ, ಆಧಾರ್‌ನಲ್ಲಿ ವೀರೇಶ. ಉತ್ತರದ ಜಿಲ್ಲೆಗಳಲ್ಲಿ ಹಿರೇಮಠ, ಅಂಗಡಿ, ಪಾಟೀಲ ಎಂಬ ಮನೆತನದ ಹೆಸರು ಒಂದು ಕಾಗದದಲ್ಲಿ ಕೊನೆಗೆ, ಇನ್ನೊಂದರಲ್ಲಿ ಮೊದಲಿಗೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ದಕ್ಷಿಣದಲ್ಲಿ ಒಂದಕ್ಷರದ ಇನಿಷಿಯಲ್ಲೇ ತಂದೆ, ಊರು ಎರಡನ್ನೂ ಹೊರುತ್ತದೆ. ಕನ್ನಡದಲ್ಲಿ ಒಂದೇ ಆಗಿದ್ದ ವ್ಯಕ್ತಿ ಇಂಗ್ಲಿಷಿನಲ್ಲಿ ಮೂವರಾಗಿ ನಿಲ್ಲುತ್ತಾನೆ. ಹುಟ್ಟಿದ ದಿನದ ಕಥೆಯೂ ಅಷ್ಟೆ. ಹಿಂದಿನ ಉಪಾಧ್ಯಾಯರು ದಾಖಲಾತಿಯ ಅನುಕೂಲಕ್ಕಾಗಿ ಊರಿನ ಅರ್ಧ ಮಕ್ಕಳನ್ನು ಜೂನ್ 1ರಂದೇ ಹುಟ್ಟಿಸಿದರು. ತಾಯಂದಿರ ನೆನಪಿನ ಯುಗಾದಿ, ಶಿವರಾತ್ರಿಗಳು ವಹಿಗೆ ಬರಲಿಲ್ಲ.

ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಹೊರಬಿದ್ದ ಮೇಲೆ ಅದನ್ನು ತಿದ್ದಿಸುವುದು ದುಸ್ತರ. ಆಧಾರ್‌ನಲ್ಲಿ ಹೆಸರನ್ನು ತಿದ್ದಿಸಲು ಜೀವಮಾನದಲ್ಲಿ ಎರಡು ಬಾರಿ, ಜನ್ಮದಿನಾಂಕಕ್ಕೆ ಒಂದೇ ಬಾರಿ ಸಾಮಾನ್ಯವಾಗಿ ಅವಕಾಶ. ಆದುದರಿಂದ ಎಂಟು ಒಂಬತ್ತನೆಯ ತರಗತಿಗಳಲ್ಲಿಯೇ, ಪರೀಕ್ಷೆಗೆ ಹೆಸರು ಕಳುಹಿಸುವ ಮೊದಲೇ, ವಹಿಯನ್ನೂ ಆಧಾರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡತಕ್ಕದ್ದು. ಅಕ್ಷರಶುದ್ಧಿಗಾಗಿ ನಿಬಂಧಗಳಲ್ಲಿ ಕೆಂಪುಶಾಯಿ ಹರಿಸುವ ಭಾಷಾಧ್ಯಾಪಕರಿಗೆ ಇದಕ್ಕಿಂತ ಉಪಯುಕ್ತವಾದ ತಿದ್ದುವಿಕೆ ಮತ್ತೊಂದಿಲ್ಲ. ಇದರ ಜೊತೆಗೆ ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಾದರೆ 371 ಜೆ ವಿಧಿಯ ಅರ್ಹತಾಪತ್ರ ಇವೆಲ್ಲ ಬೇಕಾಗುತ್ತವೆ. ವ್ಯಾಸಂಗಕ್ಕೆ ಸಂಬಂಧಿಸಿದ ಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಆಗಬೇಕು. ಶಾಲೆ ಬಿಟ್ಟು ಹೋದ ಹುಡುಗ ಅರ್ಜಿಯ ಕೊನೆಯ ದಿನ ಕೂಲಿ ಬಿಟ್ಟು ಬಂದು ಕಚೇರಿಯ ಮುಂದೆ ನಿಂತಾಗ 'ನಾಳೆ ಬಾ' ಎಂದರೆ, ಅವನು ನಾಳೆ ಬರುವುದಿಲ್ಲ, ಮರುವರ್ಷವೂ ಬರುವುದಿಲ್ಲ.

ಪ್ರವೇಶ ದೊರೆತ ಮೇಲೆ ಹಾಜರಾತಿಯ ಪ್ರಶ್ನೆ. ಅಲ್ಪಾವಧಿ ತರಗತಿಗಳನ್ನು ನಡುವೆ ಬಿಡುವವರಿಗೆ ಪಾಠ ಕಠಿಣವೆನ್ನಿಸುವುದಕ್ಕಿಂತ ಹೆಚ್ಚಾಗಿ ಬಸ್ಸಿನ ವೇಳೆ, ಒಂದು ದಿನದ ಕೂಲಿಯ ನಷ್ಟ, ಮಾಲೀಕನ ಅಸಮಾಧಾನ ಇವೇ ಅಡ್ಡಬರುತ್ತವೆ. ಶುಲ್ಕವಿಲ್ಲದ ಶಿಕ್ಷಣವೂ ಬಡವನಿಗೆ ಪುಕ್ಕಟೆಯಾಗಿ ದೊರೆಯುವುದಿಲ್ಲ. ಹೆಣ್ಣುಮಕ್ಕಳಿಗಂತೂ ಸಂಜೆ ಏಳರ ಮೇಲಿನ ದಾರಿಯೇ ಮೊದಲ ಪ್ರಶ್ನೆ. ದಾನಿಗಳು ಪ್ರತಿಭಾ ಪುರಸ್ಕಾರಗಳಿಗೆ, ಕೊಠಡಿಗಳಿಗೆ, ಶಿಲಾಫಲಕಗಳಿಗೆ ಕೊಡುವ ಹಣದಲ್ಲಿ ಅಲ್ಪಭಾಗವನ್ನು ಇಂಥವರ ಬಸ್ ಪಾಸು, ಉಪಕರಣಗಳ ಪೆಟ್ಟಿಗೆ, ಪರೀಕ್ಷಾ ಶುಲ್ಕಗಳಿಗೆಂದು ತೆಗೆದಿರಿಸಿದರೆ ಅದರ ಫಲ ಒಂದೆರಡು ವರ್ಷಗಳಲ್ಲಿಯೇ ಕಣ್ಣಿಗೆ ಬೀಳುತ್ತದೆ. ವರ್ಕ್‌ಶಾಪು, ಅಂಗಡಿ, ಕಾರ್ಖಾನೆಗಳನ್ನು ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳು ಹಣ ಕೊಡಬೇಕೆಂದೂ ಇಲ್ಲ. ತಮ್ಮಲ್ಲಿ ದುಡಿಯುವ ಹುಡುಗನನ್ನು ವಾರದಲ್ಲಿ ಮೂರು ದಿನ ಐದು ಗಂಟೆಗೆ ಬಿಟ್ಟುಕೊಟ್ಟರೆ ಸಾಕು.

ಐ.ಟಿ.ಐ. ಪ್ರವೇಶದ ಅರ್ಜಿಗಳು ಸಾಮಾನ್ಯವಾಗಿ ಎಸ್.ಎಸ್.ಎಲ್.ಸಿ. ಫಲಿತಾಂಶದ ಬೆನ್ನಿಗೇ ಬೇಸಿಗೆಯಲ್ಲಿ ಆರಂಭವಾಗಿ, ಆಗಸ್ಟಿನ ಹೊತ್ತಿಗೆ ತರಗತಿಗಳು ತೊಡಗುತ್ತವೆ. ಅಲ್ಪಾವಧಿ ಕೋರ್ಸುಗಳಿಗೆ ನಿಯತವಾದ ತಿಂಗಳಿಲ್ಲ. ಒಂದು ತಂಡಕ್ಕೆ ಸಾಕಾಗುವಷ್ಟು ಜನ ಕೂಡಿದಾಗ ಆರಂಭವಾಗುತ್ತವೆ. ಆದಕಾರಣ ಒಂದು ಸಲ ವಿಚಾರಿಸಿ ಸುಮ್ಮನಾಗದೆ, ಹೆಸರು ದೂರವಾಣಿ ಸಂಖ್ಯೆಗಳನ್ನು ಬರೆಸಿ, ಹದಿನೈದು ದಿನಕ್ಕೊಮ್ಮೆ ಕೇಳುತ್ತಿರಬೇಕು. ಶಾಲೆ ಬಿಟ್ಟವರ ಹೆಸರು, ಊರು, ಈಗಿನ ಕೆಲಸ ಇವುಗಳ ಒಂದು ವಹಿಯನ್ನು ಕಚೇರಿಯಲ್ಲಿಟ್ಟು, ಬೇಸಿಗೆ ರಜೆಗೆ ಮೊದಲು ಒಬ್ಬ ಅಧ್ಯಾಪಕರು ಅವರವರ ಮನೆಗೆ ಒಂದು ಕಾರ್ಡು ಬರೆಯುವುದಾದರೆ, ಆ ಕಾರ್ಡಿನಲ್ಲಿ ಐ.ಟಿ.ಐ.ಯ ವಿಳಾಸ, ಅರ್ಜಿಯ ಕೊನೆಯ ದಿನಾಂಕ, ತರಬೇಕಾದ ಕಾಗದಗಳ ಹೆಸರು ಇಷ್ಟಿದ್ದರೆ ಸಾಕು.