ಗಣಿಯ ಕಣ್ಣು, ಮಗುವಿನ ಮೂಳೆ

ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ಭಾರತ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣದ ಸುಳಿವು ಹಿಡಿದರು. ಅವರು ಇಟ್ಟಿದ್ದ ಸಾಧನಗಳಲ್ಲಿ ಒಂದು ಬಗೆಯ ಪ್ಲಾಸ್ಟಿಕ್ ಹಲಗೆಗಳಿದ್ದವು. ಕಣ ಹಾಯ್ದರೆ ಹಲಗೆ ಕ್ಷಣಮಾತ್ರ ಮಿನುಗುತ್ತದೆ. ಆ ಮಿನುಗನ್ನು ವಿದ್ಯುತ್ ಸಂಕೇತವಾಗಿ ಹಿಗ್ಗಿಸುವ ಗಾಜಿನ ಕೊಳವೆಗೆ ಫೋಟೋಮಲ್ಟಿಪ್ಲೈಯರ್ ಎಂದು ಹೆಸರು. ಗಣಿ 2001ರಲ್ಲಿ ಮುಚ್ಚಿತು. ಅದೇ ಜಾತಿಯ ಕಣ್ಣು ಆಸ್ಪತ್ರೆಯ ಗಾಮಾ ಕ್ಯಾಮರಾದಲ್ಲಿ ಮಾತ್ರ ಇನ್ನೂ ತೆರೆದೇ ಇದೆ.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಕ್ಯಾನ್ಸರಿನ ಅನುಮಾನ ಹೊತ್ತು ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ಮಗುವನ್ನು ಕರೆತಂದ ಹೆತ್ತವರಿಗೆ ಇದೂ ಒಂದು ಎಕ್ಸ್‌ರೇ ಯಂತ್ರವೆಂದೇ ತೋರುತ್ತದೆ. ಹಾಗಲ್ಲ. ಎಕ್ಸ್‌ರೇ ಯಂತ್ರ ಕಿರಣ ಬಿಡುತ್ತದೆ; ಗಾಮಾ ಕ್ಯಾಮರಾ ಏನನ್ನೂ ಬಿಡದೆ ಬರೀ ನೋಡುತ್ತದೆ. (ಸಿ.ಟಿ. ಜೋಡಿಸಿದ ಯಂತ್ರಗಳೂ ಈಗ ಇವೆ, ಆ ಮಾತು ಬೇರೆ.) ಕಿರಣ ಬರುವುದು ಮಗುವಿನ ಒಳಗಿನಿಂದ, ಸೂಜಿಯ ಮೂಲಕ ಕೊಟ್ಟ ತುಸು ವಿಕಿರಣದ ಮದ್ದಿನಿಂದ. ಅದರ ಪ್ರಮಾಣವನ್ನು ಮಗುವಿನ ತೂಕ ನೋಡಿ ನಿಗದಿ ಮಾಡುತ್ತಾರೆ.

ಅಮೆರಿಕದ ಹಾಲ್ ಆ್ಯಂಗರ್ 1957ರ ಸುಮಾರಿಗೆ ಈ ಕ್ಯಾಮರಾ ಕಟ್ಟಿದಾಗ ಅದರಲ್ಲಿದ್ದುದು ನಾಲ್ಕು ಅಂಗುಲ ಅಗಲದ ಒಂದು ಸೋಡಿಯಂ ಅಯೊಡೈಡ್ ಹರಳು, ಹಿಂದೆ ಏಳು ಕೊಳವೆ. ಕಿರಣ ತಾಗಿದ ಕಡೆ ಹರಳು ಮಿನುಗುತ್ತದೆ. ಊರ ಜಾತ್ರೆಯಲ್ಲಿ ತಮಟೆ ಎಲ್ಲಿ ಬಡಿಯುತ್ತಿದೆ ಎಂಬುದನ್ನು ಏಳು ಮನೆಯವರನ್ನು ಕೇಳಿ ಲೆಕ್ಕ ಹಾಕಿದಂತೆ, ಯಾವ ಕೊಳವೆಗೆ ಎಷ್ಟು ಬೆಳಕು ಕಂಡಿತು ಎಂಬುದರಿಂದ ಜಾಗ ತಿಳಿಯುತ್ತದೆ. ಹರಳಿನ ಮುಂದೆ ಸಣ್ಣ ಸಣ್ಣ ತೂತುಗಳ ಸೀಸದ ಫಲಕವಿದೆ. ನೇರ ಬಂದ ಕಿರಣಕ್ಕೆ ಮಾತ್ರ ದಾರಿ, ಓರೆಯದು ಸೀಸದಲ್ಲೇ ಅಡಗುತ್ತದೆ. ಹೊರಟ ಕಿರಣಗಳಲ್ಲಿ ಹತ್ತು ಸಾವಿರಕ್ಕೆ ಒಂದೆರಡು ಹರಳನ್ನು ಮುಟ್ಟಿದರೆ ಹೆಚ್ಚು. ಆದ್ದರಿಂದಲೇ ಇಪ್ಪತ್ತು ಮೂವತ್ತು ನಿಮಿಷ ಕದಲದೆ ಮಲಗಬೇಕು. ಮೂರು ವರ್ಷದ ಮಗುವಿಗೆ ಇದನ್ನು ಹೇಳುವವರು ಯಾರು? ಪಕ್ಕದಲ್ಲಿ ತಾಯಿ ಕೂರಬೇಕು, ಇಲ್ಲವೇ ನಿದ್ದೆಯ ಔಷಧ ಕೊಡಬೇಕು.

ಹಿಂದೆ ಚುಕ್ಕೆಗಳು ನೇರ ಫಿಲಮ್ಮಿನ ಮೇಲೆ ಬೀಳುತ್ತಿದ್ದವು, ಕೆಟ್ಟರೆ ಕೆಟ್ಟಿತು. ಡಿಜಿಟಲ್ ಕ್ಯಾಮರಾದಲ್ಲಿ ಕೊಳವೆಯ ಸಂಕೇತ ಅಂಕಿಯಾಗುತ್ತದೆ. ಪ್ರತಿ ಮಿನುಗಿನ ಜಾಗ, ವೇಳೆಗಳನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟರೆ, ಮಗು ಕಾಲಾಡಿಸಿದ ಕ್ಷಣಗಳನ್ನು ಬಿಟ್ಟು ಚಿತ್ರ ಕಟ್ಟಬಹುದು. ಮತ್ತೆ ಸೂಜಿ ಚುಚ್ಚದೆ ಮಸುಕನ್ನು ತಿಳಿಗೊಳಿಸಿ ನೋಡಬಹುದು. ಮಕ್ಕಳಲ್ಲಿ ಇದು ಸಣ್ಣ ಲಾಭವಲ್ಲ. ಬೆಳೆಯುವ ಮಗುವಿನ ಮಂಡಿ, ಭುಜಗಳ ಬಳಿ ಮೂಳೆಯ ತುದಿಗಳು ಸಹಜವಾಗಿಯೇ ಝಗ್ಗನೆ ಹೊಳೆಯುತ್ತವೆ. ಮೂಳೆಯ ಕ್ಯಾನ್ಸರ್ ಹೆಚ್ಚಾಗಿ ತಲೆ ಹಾಕುವುದೂ ಮಂಡಿಯ ಅಕ್ಕಪಕ್ಕದಲ್ಲೇ! ಬೆಳವಣಿಗೆಯ ಬೆಳಕು ಯಾವುದು, ರೋಗದ ಬೆಳಕು ಯಾವುದು ಎಂದು ಬೇರ್ಪಡಿಸುವುದು ಕೊನೆಗೂ ವೈದ್ಯರ ಕಣ್ಣೇ.

ಮೂಳೆಯ ಚಿತ್ರಕ್ಕೆ ಬಳಸುವುದು ಟೆಕ್ನೀಷಿಯಂ. ಅದರ ಅರ್ಧಾಯುಷ್ಯ ಆರು ಗಂಟೆ. ಒಂದು ದಿನ ಕಳೆದರೆ ಹದಿನಾರರಲ್ಲಿ ಒಂದು ಪಾಲು ಉಳಿದೀತು. ಕೂಡಿಡಲು ಬಾರದ ಈ ಸರಕನ್ನು ಮಾಲಿಬ್ಡಿನಂ ತುಂಬಿದ ಸಣ್ಣ ಸಾಧನದಿಂದ ಪ್ರತಿ ಬೆಳಿಗ್ಗೆ ಇಳಿಸಿಕೊಳ್ಳುತ್ತಾರೆ. ಪ್ರಯೋಗಾಲಯದವರು ಅದನ್ನು 'ಹಸು' ಎನ್ನುತ್ತಾರೆ, ಕೆಲಸಕ್ಕೆ 'ಹಾಲು ಕರೆಯುವುದು' ಎನ್ನುತ್ತಾರೆ. ಹೈನು ನಂಬಿದ ಕೋಲಾರದವರಿಗೆ ವಿವರಿಸಬೇಕಿಲ್ಲ: ಈ ಹಸು ದಿನದಿಂದ ದಿನಕ್ಕೆ ಬತ್ತುತ್ತದೆ, ವಾರ ಕಳೆದರೆ ಹೊಸದು ಬೇಕು. ಸೂಜಿಯಾದ ಮೇಲೆ ಮೂಳೆ ಮದ್ದನ್ನು ಹೀರಲು ಮೂರು ಗಂಟೆ ಕಾಯಬೇಕು. ಮುಳಬಾಗಿಲಿನಿಂದ ಬೆಂಗಳೂರಿಗೆ ನೂರು ಕಿಲೋಮೀಟರಿನಷ್ಟು ದಾರಿ. ಬೆಳಗಿನ ಬಸ್ಸು ತಪ್ಪಿದರೆ ಟೆಕ್ನೀಷಿಯಂ ಕಾಯುವುದಿಲ್ಲ.

ಎಲ್ಲ ಕ್ಯಾನ್ಸರಿಗೂ ಈ ಕ್ಯಾಮರಾ ಬೇಕಿಲ್ಲ. ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ರಕ್ತದ ಕ್ಯಾನ್ಸರಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಕೆಲವು ಗಡ್ಡೆಗಳಿಗೆ ಈಗ ಪೆಟ್ ಸ್ಕ್ಯಾನೇ ಮೇಲು. ಆದರೆ ಐದು ವರ್ಷದೊಳಗಿನವರನ್ನೇ ಹೆಚ್ಚಾಗಿ ಹಿಡಿಯುವ ನ್ಯೂರೋಬ್ಲಾಸ್ಟೋಮಾದಲ್ಲಿ ಇದರ ಮಾತಿಗೆ ಇಂದಿಗೂ ತೂಕವಿದೆ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟಿ, ಮೂಳೆಗೆ ಹರಡಿ, ಬರೀ ಕಾಲುನೋವೆಂದು ತೋರಿಕೊಳ್ಳುವ ರೋಗವಿದು. ಎಂ.ಐ.ಬಿ.ಜಿ. ಎಂಬ ಮದ್ದನ್ನು ಈ ಗಡ್ಡೆಯ ಜೀವಕೋಶಗಳು ತಮ್ಮ ಆಹಾರವೆಂಬಂತೆ ಒಳಗೆಳೆದುಕೊಳ್ಳುತ್ತವೆ. ಅದಕ್ಕೆ ಅಂಟಿಸಿದ ವಿಕಿರಣಶೀಲ ಅಯೋಡಿನ್, ರೋಗ ಅಡಗಿದಲ್ಲೆಲ್ಲ ಬೆಳಕಾಗಿ ಕಾಣುತ್ತದೆ. ಹತ್ತರಲ್ಲಿ ಒಂಬತ್ತು ಗಡ್ಡೆಗಳು ಹೀಗೆ ಸಿಕ್ಕಿಬೀಳುತ್ತವೆ.

ಈ ಪರೀಕ್ಷೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಥೈರಾಯ್ಡ್ ಗ್ರಂಥಿಯನ್ನು ಕಾಪಾಡಲು ಮೊದಲೇ ಅಯೋಡಿನ್ ಹನಿ ಕುಡಿಸಬೇಕು, ಒಂದು ದಿನ ಸೂಜಿ, ಮರುದಿನ ಚಿತ್ರ. ಮನೆಯಲ್ಲಿ ಬಸುರಿ ತಾಯಿಯಿದ್ದರೆ ಮಗುವಿನ ಜೊತೆ ಬೇರೆಯವರು ಬರುವುದು ಒಳ್ಳೆಯದು. ಶ್ರೀನಿವಾಸಪುರದ ಮಾವಿನ ತೋಟದ ಕೂಲಿಯವರಿಗೆ ಇದು ಎರಡು ದಿನದ ಸಂಬಳ, ಒಂದು ರಾತ್ರಿಯ ತಂಗು. ಸೂಜಿ ಹಾಕಿಸಿ ಊರಿಗೆ ಹೋದವರು ಮರುದಿನ ಬಾರದೆ ಉಳಿದರೆ ಆ ಮದ್ದು ಮಗುವಿನ ಮೈಯಲ್ಲೇ ಕರಗಿಹೋಗುತ್ತದೆ, ಚಿತ್ರವಂತೂ ಸಿಗುವುದಿಲ್ಲ.