ನಿಜವಾದ ಮಾತು, ಸಡಿಲವಾದ ವಾದ

ನಂಜನಗೂಡು ತಾಲ್ಲೂಕಿನ ತಗಡೂರು ಖಾದಿಯ ಚರಿತ್ರೆಯಲ್ಲಿ ಹೆಸರು ಪಡೆದ ಊರು. ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರ ಊರು. ಪರೀಕ್ಷೆಗೆ ಕುಳಿತವರನ್ನು ಕಾಡುವ ಬಗೆಯ ಪ್ರಶ್ನೆಯೊಂದನ್ನು ಆ ಊರಿನ ಮಗ್ಗದಿಂದಲೇ ತೆಗೆದುಕೊಳ್ಳೋಣ.

“ಖಾದಿಯೆಲ್ಲ ಕೈಮಗ್ಗದಲ್ಲಿ ನೇಯ್ದದ್ದು. ಈ ಪಂಚೆ ಕೈಮಗ್ಗದಲ್ಲಿ ನೇಯ್ದದ್ದು. ಆದುದರಿಂದ ಇದು ಖಾದಿ.” ನೀವು ಒಪ್ಪುವಿರಾ?

ಅವಸರದಲ್ಲಿ ಒಪ್ಪಿಬಿಡುವವರೇ ಹೆಚ್ಚು. ಆದರೆ ಖಾದಿಗೆ ಲಕ್ಷಣಗಳು ಎರಡು: ನೂಲನ್ನು ಕೈಯಿಂದ ನೂತಿರಬೇಕು, ಬಟ್ಟೆಯನ್ನು ಕೈಯಿಂದ ನೇಯ್ದಿರಬೇಕು. ಗಿರಣಿಯ ನೂಲನ್ನು ಕೈಮಗ್ಗಕ್ಕೆ ಏರಿಸಿದರೆ ಕೈಮಗ್ಗದ ಬಟ್ಟೆಯಾದೀತು, ಖಾದಿಯಾಗದು. ಪಂಚೆ ಒಂದು ವೇಳೆ ಖಾದಿಯೇ ಆಗಿದ್ದರೂ ಈ ವಾದದಿಂದ ಅದು ಸಿದ್ಧವಾಗಲಿಲ್ಲ ಎಂಬುದನ್ನು ಗಮನಿಸಿ.

ನಮ್ಮ ನೈಯಾಯಿಕರು ಇಂಥ ಹುಸಿ ಕಾರಣವನ್ನು ಹೇತ್ವಾಭಾಸವೆಂದು ಕರೆದರು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡೇ ಸಾಕ್ಷಿ. ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ನಡೆಯುವ ನೆಟ್ ಪರೀಕ್ಷೆಯ ಮೊದಲನೆಯ ಪತ್ರಿಕೆಯಲ್ಲಿ 2019ರಿಂದ ಈ ಭಾರತೀಯ ತರ್ಕವೂ ಸೇರಿದೆ. ಆ ಪತ್ರಿಕೆಯಲ್ಲಿ 50 ಪ್ರಶ್ನೆಗಳು, 100 ಅಂಕಗಳು.

ತಪ್ಪನ್ನು ಹಿಡಿಯುವ ಬಗೆ ಸುಲಭ. ಮೊದಲು “ಆದುದರಿಂದ” ಎಲ್ಲಿದೆಯೆಂದು ನೋಡಿ. ತೀರ್ಮಾನ ನಿಮಗೆ ಪ್ರಿಯವೋ ಅಪ್ರಿಯವೋ ಎಂಬುದನ್ನು ಬದಿಗಿಡಿ. ಬಳಿಕ, ಹೇಳಿಕೆಗಳು ನಿಜವಾಗಿದ್ದೂ ತೀರ್ಮಾನ ಸುಳ್ಳಾಗುವ ಒಂದೇ ಒಂದು ಸಂದರ್ಭವನ್ನು ಊಹಿಸಿ. ಅದು ಸಿಕ್ಕಿದರೆ ವಾದ ಬಿದ್ದಂತೆ.

ಇವುಗಳಲ್ಲಿ ಎರಡನೆಯದೇ ಕಷ್ಟ. ದೊಡ್ಡವರಿಗೂ ಅದು ಕಷ್ಟವಾದದ್ದುಂಟು. 1934ರ ಜನವರಿಯಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ತಗಡೂರಿಗೂ ಬಂದಿದ್ದರು. ಅದೇ ತಿಂಗಳ 15ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಯಾತ್ರೆಯನ್ನು ತಮಿಳುನಾಡಿನಲ್ಲಿ ಮುಂದುವರಿಸಿದ್ದ ಗಾಂಧೀಜಿ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು.

ಅಸ್ಪೃಶ್ಯತೆ ಪಾಪವೆಂಬುದರಲ್ಲಿ ರವೀಂದ್ರನಾಥ ಠಾಕೂರರಿಗೂ ಸಂದೇಹವಿರಲಿಲ್ಲ. ಆದರೂ ಅವರು ಈ ವಾದವನ್ನು ಒಪ್ಪಲಿಲ್ಲ. ಭೂಕಂಪದಂಥ ಉತ್ಪಾತಕ್ಕೆ ಭೌತಿಕ ಕಾರಣಗಳೇ ಇರುತ್ತವೆ ಎಂದರು. ಇಂಥ ವಾದ ಗಾಂಧೀಜಿಯವರಿಗಿಂತ ಅವರ ವಿರೋಧಿಗಳಿಗೇ ಹೆಚ್ಚು ಒಪ್ಪುತ್ತದೆ ಎಂದೂ ಎಚ್ಚರಿಸಿದರು. ನಿಜವೇ. ದೇವಾಲಯಗಳನ್ನು ಎಲ್ಲರಿಗೂ ತೆರೆಯಹೊರಟದ್ದಕ್ಕೇ ಭೂಮಿ ನಡುಗಿತೆಂದು ಮತ್ತೊಬ್ಬರು ಹೇಳಿದ್ದರೆ, ಅದೇ ವಾದದ ಬಲದಿಂದ ಅವರಿಗೆ ಉತ್ತರವೆಲ್ಲಿತ್ತು? ಗಾಂಧೀಜಿ ತಮ್ಮ ನಂಬಿಕೆಯನ್ನು ಬಿಡಲಿಲ್ಲ. ಆದರೆ ಠಾಕೂರರ ಆಕ್ಷೇಪವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚುಮಾಡಿದರು.

ಅಸ್ಪೃಶ್ಯತೆ ತಪ್ಪೆಂದು ತೋರಿಸಲು ಭೂಮಿ ನಡುಗಬೇಕಾಗಿಲ್ಲ. ಮನುಷ್ಯನನ್ನು ಬಾವಿಯಿಂದ, ಬೀದಿಯಿಂದ ದೂರವಿಟ್ಟದ್ದೇ ಸಾಕಾದ ಕಾರಣ. ಪ್ರಶ್ನೆಪತ್ರಿಕೆ ಕೇಳುವುದೂ ಇಷ್ಟೇ: ಮಾತು ಸರಿಯೇ ಎಂದಲ್ಲ, ಕೊಟ್ಟ ಕಾರಣದಿಂದ ಆ ಮಾತು ಬಂದಿತೇ ಎಂದು. ನಮ್ಮ ಪಕ್ಷದವರು ಆಡಿದ ಮಾತಿಗೂ ಈ ಪ್ರಶ್ನೆಯನ್ನು ಹಾಕುವ ಅಭ್ಯಾಸ ನಿಮಗಾದರೆ ಓದಿದ್ದು ಸಾರ್ಥಕ.